ಕೈಯಲ್ಲಿ ಗಡಿಯಾರ ಹಿಡಿದು ಓಡಿದ ಪಾವೊ ನುರ್ಮಿ

ಫಿನ್ಲೆಂಡ್ ದೇಶದ ನೈಋತ್ಯ ಮೂಲೆಯಲ್ಲಿ, ಸಮುದ್ರಕ್ಕೆ ಅಂಟಿಕೊಂಡಂತೆ ತುರ್ಕು ಎಂಬ ಹಳೆಯ ಪಟ್ಟಣವಿದೆ. ಹೆಸರು ಕೇಳಿ ತುರ್ಕಿ ದೇಶವೆಂದು ಭಾವಿಸಬಾರದು. ಇದು ಚಳಿಗಾಲದಲ್ಲಿ ತಿಂಗಳುಗಟ್ಟಲೆ ಹಿಮ ಬೀಳುವ ಉತ್ತರದ ನಾಡು. ಈ ಪಟ್ಟಣದಲ್ಲಿ 1897ರ ಜೂನ್ 13ರಂದು ಒಬ್ಬ ಬಡಗಿಯ ಮನೆಯಲ್ಲಿ ಪಾವೊ ನುರ್ಮಿ ಜನಿಸಿದರು. ಆಗ ಫಿನ್ಲೆಂಡ್ ಸ್ವತಂತ್ರ ದೇಶವಾಗಿರಲಿಲ್ಲ, ರಷ್ಯಾದ ಚಕ್ರವರ್ತಿಯ ಅಧೀನದಲ್ಲಿತ್ತು. ಮುಂದೆ ಜಗತ್ತಿನ ಜನ ಫಿನ್ಲೆಂಡ್ ಎಂಬ ಹೆಸರನ್ನು ಗುರುತಿಸುವಂತೆ ಮಾಡಿದವರಲ್ಲಿ ಈ ಬಡಗಿಯ ಮಗನೂ ಒಬ್ಬರು.

ಮೂರು ಒಲಿಂಪಿಕ್ ಕ್ರೀಡಾಕೂಟಗಳಲ್ಲಿ ನುರ್ಮಿ ಗಳಿಸಿದ್ದು 9 ಚಿನ್ನ, 3 ಬೆಳ್ಳಿ, ಒಟ್ಟು 12 ಪದಕಗಳು. ಈ ಅಂಕಿಗಳನ್ನು ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ನಮ್ಮ ವಿದ್ಯಾರ್ಥಿಗಳು ಓದಿರಬಹುದು. ಆದರೆ ಅವರು ಗೆದ್ದ ಬಗೆ ಆ ಪುಸ್ತಕಗಳಲ್ಲಿ ಇರುವುದಿಲ್ಲ. ಓಡುವಾಗ ತನ್ನ ವೇಗವನ್ನೂ ತನ್ನ ಶಕ್ತಿಯನ್ನೂ ಅಳೆದು, ಲೆಕ್ಕ ಹಾಕಿ, ಕೊನೆಯ ಗೆರೆಯವರೆಗೆ ಹಂಚಿಕೊಂಡು ಖರ್ಚು ಮಾಡುವುದನ್ನು ಒಂದು ವಿದ್ಯೆಯನ್ನಾಗಿ ಮಾಡಿದವರು ಅವರು. ಆ ವಿದ್ಯೆಯ ದೊಡ್ಡ ಪರೀಕ್ಷೆ ಎಂದರೆ ಮ್ಯಾರಥಾನ್. ಅದಕ್ಕೆ ಸಿದ್ಧರಾಗಿ ನಿಂತ ಹೊತ್ತಿನಲ್ಲೇ ಅವರನ್ನು ಓಡಲು ಬಿಡಲಿಲ್ಲ. ಈ ಲೇಖನದಲ್ಲಿ ಹೇಳಹೊರಟಿರುವುದು ಮುಖ್ಯವಾಗಿ ಆ ಕಥೆ.

ತಂದೆ 1910ರಲ್ಲಿ ತೀರಿಕೊಂಡರು. ಪಾವೊಗೆ ಆಗ ಹನ್ನೆರಡು-ಹದಿಮೂರರ ವಯಸ್ಸು, ಹಿರಿಯ ಮಗ. ಮನೆಯ ಅಡುಗೆಕೋಣೆಯನ್ನು ಬಾಡಿಗೆಗೆ ಕೊಟ್ಟು, ತಾಯಿ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ದಿನ ಕಳೆಯಬೇಕಾಯಿತು. ಓದಿನಲ್ಲಿ ಚುರುಕಾಗಿದ್ದ ಹುಡುಗ ಶಾಲೆ ಬಿಟ್ಟು ಒಂದು ಬೇಕರಿಯಲ್ಲಿ ಸಾಮಾನು ಸಾಗಿಸುವ ಕೆಲಸಕ್ಕೆ ಸೇರಿದ. ತುರ್ಕು ಏರುತಗ್ಗುಗಳ ಊರು. ಭಾರದ ಕೈಗಾಡಿಯನ್ನು ದಿಬ್ಬದ ಮೇಲೆ ದಿನವೂ ತಳ್ಳಬೇಕಿತ್ತು. ತನ್ನ ಬೆನ್ನು ಮತ್ತು ಕಾಲುಗಳಿಗೆ ಬಲ ಬಂದದ್ದು ಆ ಗಾಡಿಯಿಂದಲೇ ಎಂದು ನುರ್ಮಿ ಮುಂದೆ ನೆನೆಯುತ್ತಿದ್ದರು. ಬಡತನವೇ ವ್ಯಾಯಾಮವಾಯಿತು ಎಂದು ಇದನ್ನು ಹೊಗಳಿ ಬರೆಯುವವರಿದ್ದಾರೆ. ಶಾಲೆ ಬಿಟ್ಟ ಜಾಣ ಹುಡುಗನ ನಷ್ಟವನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

1912ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಒಲಿಂಪಿಕ್ ಕೂಟ ನಡೆಯಿತು. ಫಿನ್ಲೆಂಡಿನ ಹಾನ್ನೆಸ್ ಕೋಲೆಹ್ಮೈನೆನ್ ಅಲ್ಲಿ ಮೂರು ಚಿನ್ನ ಗೆದ್ದರು. ಗೆದ್ದವರು ಫಿನ್ನರು, ಕಂಬಕ್ಕೆ ಏರಿದ್ದು ಮಾತ್ರ ರಷ್ಯಾದ ಧ್ವಜ. ಈ ಸುದ್ದಿ ತುರ್ಕುವಿನ ಹದಿನೈದು ವರ್ಷದ ಹುಡುಗನನ್ನು ಹಿಡಿದು ಅಲುಗಾಡಿಸಿತು. ಕೆಲವೇ ದಿನಗಳಲ್ಲಿ ಆತ ತನ್ನ ಮೊದಲ ಓಟದ ಬೂಟುಗಳನ್ನು ಕೊಂಡ. 1914ರಲ್ಲಿ ಊರಿನ ಕ್ರೀಡಾಸಂಘ ಸೇರಿದ. ಬೇಸಿಗೆಯಲ್ಲಿ ಕಾಡುದಾರಿಯ ಓಟ, ಚಳಿಗಾಲದಲ್ಲಿ ಹಿಮದ ಮೇಲೆ ಸ್ಕೀ, ಜೊತೆಗೆ ಮೈಲಿಗಟ್ಟಲೆ ನಡಿಗೆ, ಇದೇ ಅವನ ಅಭ್ಯಾಸ. ಹೇಳಿಕೊಡಲು ತರಬೇತುದಾರರಿರಲಿಲ್ಲ.

1919ರಲ್ಲಿ ಸೈನ್ಯದ ಸೇವೆಗೆ ಹೋದಾಗ ನಡೆದ ಒಂದು ಪ್ರಸಂಗ ಪ್ರಸಿದ್ಧವಾಗಿದೆ. ಹೆಗಲ ಮೇಲೆ ಬಂದೂಕು, ಬೆನ್ನಿನ ಚೀಲದಲ್ಲಿ ಮರಳು ಹೊತ್ತು ದೂರದ ಕವಾಯತು ನಡಿಗೆಯ ಸ್ಪರ್ಧೆ ಏರ್ಪಟ್ಟಿತ್ತು. ಉಳಿದವರು ನಡೆದರು, ನುರ್ಮಿ ಇಡೀ ದೂರವನ್ನು ಓಡಿ ಮುಗಿಸಿದರು. ನಡುವೆ ಎಲ್ಲೋ ಅಡ್ಡದಾರಿ ಹಿಡಿದಿರಬೇಕೆಂದು ಕೆಲವರು ಅನುಮಾನಪಟ್ಟರಂತೆ!

1920ರ ಒಲಿಂಪಿಕ್ ಕೂಟ ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರದಲ್ಲಿ ನಡೆಯಿತು. ನುರ್ಮಿ ಅವರಿಗೆ ಇದೇ ಮೊದಲ ಅಂತರರಾಷ್ಟ್ರೀಯ ಸ್ಪರ್ಧೆ. 10,000 ಮೀಟರ್ ಹಾಗೂ ಕ್ರಾಸ್ ಕಂಟ್ರಿ ಓಟಗಳಲ್ಲಿ ಚಿನ್ನ ಬಂದರೂ, 5,000 ಮೀಟರಿನಲ್ಲಿ ಫ್ರಾನ್ಸಿನ ಜೋಸೆಫ್ ಗಿಯಮೋ ಅವರನ್ನು ಹಿಂದಿಕ್ಕಿದರು. ಮೊದಲ ಸುತ್ತುಗಳಲ್ಲೇ ಬಿರುಸಾಗಿ ಓಡಿ ಎದುರಾಳಿಗಳ ಉಸಿರು ಕಟ್ಟಿಸುವುದು ಆಗ ನುರ್ಮಿಯವರ ಪದ್ಧತಿ. ಅದು ಎಲ್ಲರ ಮೇಲೂ ನಡೆಯುವುದಿಲ್ಲ ಎಂಬುದು ಅಂದು ತಿಳಿಯಿತು. ಒಲಿಂಪಿಕ್ಸ್‌ನಲ್ಲಿ ಬೇರೆ ದೇಶದ ಓಟಗಾರನಿಗೆ ಅವರು ಸೋತದ್ದು ಅದೊಂದೇ ಸಲ. ಆ ಸೋಲಿನ ನಂತರವೇ ಅವರ ಕೈಗೆ ಸ್ಟಾಪ್‌ವಾಚ್ ಬಂತು.

ಅದೇ ಆಂಟ್‌ವರ್ಪ್ ಕೂಟದ ಮ್ಯಾರಥಾನ್ ಬಗ್ಗೆ ನಾವು ಕನ್ನಡನಾಡಿನವರು ತಿಳಿದಿರಬೇಕಾದ ಸಂಗತಿಯೊಂದಿದೆ. ದೊರಾಬ್ಜಿ ಟಾಟಾ ಅವರ ಮುತುವರ್ಜಿಯಿಂದ ಭಾರತದ ತಂಡವೊಂದು ಮೊದಲ ಬಾರಿಗೆ ಅಲ್ಲಿಗೆ ಹೋಗಿತ್ತು. ಆ ತಂಡದಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ ಅವರಿದ್ದರು. ಅಂದಿನ ಮ್ಯಾರಥಾನ್ ದೂರ ಇಂದಿನ 42.195 ಕಿಲೋಮೀಟರ್ ಆಗಿರಲಿಲ್ಲ, 42.75 ಕಿಲೋಮೀಟರ್ ಆಗಿತ್ತು. ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಅದನ್ನು ಮುಗಿಸಿ 19ನೆಯವರಾದರು. ಭಾಗಿಸಿ ನೋಡಿದರೆ ಕಿಲೋಮೀಟರಿಗೆ ಸರಿಸುಮಾರು 4 ನಿಮಿಷ. ಇಂದು ಒಳ್ಳೆಯ ಬೂಟು, ಕೈಗಡಿಯಾರ, ದಾರಿಯುದ್ದಕ್ಕೂ ನೀರು ಇಟ್ಟುಕೊಂಡು ಓಡುವವರಲ್ಲೂ ಬಹುಮಂದಿಗೆ ಆ ವೇಗ ದಕ್ಕುವುದಿಲ್ಲ. ಓಟವನ್ನು ಗೆದ್ದವರು ನುರ್ಮಿಯವರ ಬಾಲ್ಯದ ಆದರ್ಶ ಕೋಲೆಹ್ಮೈನೆನ್. ವಯಸ್ಸಾಗುತ್ತ ಬಂದ ಓಟಗಾರ ಮ್ಯಾರಥಾನ್ ಚಿನ್ನದೊಂದಿಗೆ ಮೆರೆದದ್ದನ್ನು ನುರ್ಮಿ ಮರೆಯಲಿಲ್ಲ. ತಾನೂ ಹಾಗೆಯೇ ಓಟದ ಬದುಕನ್ನು ಮುಗಿಸಬೇಕೆಂಬ ಆಸೆ ಅವರಲ್ಲಿ ಬೇರೂರಿತು.

ಆಂಟ್‌ವರ್ಪ್ ಗೆಲುವಿನಿಂದ ತುರ್ಕುವಿನ ಮನೆಗೆ ವಿದ್ಯುತ್ ದೀಪವೂ ನಲ್ಲಿಯ ನೀರೂ ಬಂದವು. ನುರ್ಮಿಗೆ ಹೆಲ್ಸಿಂಕಿಯ ಕೈಗಾರಿಕಾ ಶಾಲೆಯಲ್ಲಿ ಓದಲು ವಿದ್ಯಾರ್ಥಿವೇತನ ದೊರೆಯಿತು. ಹನ್ನೆರಡರ ಪ್ರಾಯದಲ್ಲಿ ತಪ್ಪಿಹೋದ ಓದು ಇಪ್ಪತ್ತಮೂರರ ನಂತರ ಮರಳಿ ಸಿಕ್ಕಿತು.

ಈಗ ಆ ಗಡಿಯಾರದ ವಿಷಯ. ಓಡುವಾಗ ಅಂಗೈಯಲ್ಲಿ ಸ್ಟಾಪ್‌ವಾಚ್ ಹಿಡಿದು, ಪ್ರತಿ ಸುತ್ತಿಗೂ ಒಮ್ಮೆ ಕಣ್ಣು ಹಾಯಿಸಿ, ನಿಗದಿ ಮಾಡಿಕೊಂಡ ವೇಗಕ್ಕಿಂತ ಹೆಚ್ಚಾದರೆ ತಗ್ಗಿಸಿ, ಕಡಿಮೆಯಾದರೆ ಏರಿಸಿ ಸಾಗುವುದು ಅವರ ಕ್ರಮವಾಯಿತು. ಅಭ್ಯಾಸದಲ್ಲೂ ಹೀಗೆಯೇ, ಸ್ಪರ್ಧೆಯಲ್ಲೂ ಹೀಗೆಯೇ. ಪಕ್ಕದಲ್ಲಿ ಓಡುವವನು ಯಾರು, ಎಷ್ಟು ಮುಂದಿದ್ದಾನೆ ಎಂಬುದರ ಗೊಡವೆಗೆ ಅವರು ಹೋಗಲಿಲ್ಲ. ಜನ ಅವರನ್ನು ಯಂತ್ರವೆಂದು ಕರೆದರು. ನಗದ, ಮಾತಾಡದ, ಪತ್ರಕರ್ತರನ್ನು ಹತ್ತಿರ ಸೇರಿಸದ ಅವರ ಸ್ವಭಾವವೂ ಆ ಹೆಸರಿಗೆ ಕಾರಣವಾಯಿತು.

ನಮ್ಮ ಶಾಲೆಗಳ ಕ್ರೀಡಾಕೂಟದಲ್ಲಿ 1500 ಮೀಟರ್ ಓಟ ನೋಡಿದವರಿಗೆ ನುರ್ಮಿಯ ಕ್ರಮದ ಬೆಲೆ ಬೇಗ ಅರ್ಥವಾಗುತ್ತದೆ. ಸೀಟಿ ಊದಿದ ಕೂಡಲೇ ಹುಡುಗರು ನೂರು ಮೀಟರಿನ ಓಟವೆಂಬಂತೆ ನುಗ್ಗುತ್ತಾರೆ. ಎರಡನೆಯ ಸುತ್ತಿಗೆ ಏದುಸಿರು, ಮೂರನೆಯದಕ್ಕೆ ಪಕ್ಕೆನೋವು. ಆಮೇಲೆ ನಡಿಗೆ. ಮೊದಲ ಸುತ್ತಿನಲ್ಲಿ ಹತ್ತು ಸೆಕೆಂಡು ಉಳಿಸಿದವನು ಕೊನೆಯ ಸುತ್ತುಗಳಲ್ಲಿ ಅದರ ನಾಲ್ಕು ಪಟ್ಟು ಕಳೆದುಕೊಂಡಿರುತ್ತಾನೆ. ಸಾಲ ತಂದು ಹಬ್ಬ ಮಾಡಿದವನ ಪಾಡು ಅದು.

ನುರ್ಮಿಯವರ ಕೆಲವು ದಾಖಲೆಗಳನ್ನು 400 ಮೀಟರಿನ ಒಂದು ಸುತ್ತಿಗೆ ಇಳಿಸಿ ನೋಡೋಣ. ಗಣಿತದಲ್ಲಿ ಆಸಕ್ತಿಯಿರುವ ವಿದ್ಯಾರ್ಥಿಗಳು ತಾವೇ ಭಾಗಿಸಿ ಪರಿಶೀಲಿಸಬಹುದು. 1924ರಲ್ಲಿ ಅವರು 1500 ಮೀಟರನ್ನು 3 ನಿಮಿಷ 52.6 ಸೆಕೆಂಡುಗಳಲ್ಲಿ ಓಡಿದರು, ಅಂದರೆ ಸುತ್ತಿಗೆ 62 ಸೆಕೆಂಡು. ಅದೇ ವರ್ಷ 5,000 ಮೀಟರಿಗೆ 14 ನಿಮಿಷ 28.2 ಸೆಕೆಂಡು, ಸುತ್ತಿಗೆ ಅರವತ್ತೊಂಬತ್ತೂವರೆ. 10,000 ಮೀಟರಿಗೆ 30 ನಿಮಿಷ 6.2 ಸೆಕೆಂಡು, ಸುತ್ತಿಗೆ 72. ಈ ಕೊನೆಯ ದಾಖಲೆ ಸುಮಾರು ಹದಿಮೂರು ವರ್ಷ ಯಾರಿಗೂ ಮುರಿಯಲಾಗಲಿಲ್ಲ. 1928ರಲ್ಲಿ ಬರ್ಲಿನ್ನಿನಲ್ಲಿ ಒಂದು ಗಂಟೆ ನಿಲ್ಲದೆ ಓಡಿ 19,210 ಮೀಟರ್ ಕ್ರಮಿಸಿದರು, ಸುತ್ತಿಗೆ 75 ಸೆಕೆಂಡು. 1500ರಿಂದ 5,000ಕ್ಕೆ ಹೋಗುವಾಗ ಸುತ್ತಿಗೆ ಏಳು ಸೆಕೆಂಡು ಬಿಟ್ಟುಕೊಟ್ಟವರು, 10,000ದಿಂದ ಹೆಚ್ಚುಕಡಿಮೆ ಅದರ ಎರಡರಷ್ಟಾದ ಒಂದು ಗಂಟೆಯ ಓಟಕ್ಕೆ ಹೋಗುವಾಗ ಬಿಟ್ಟುಕೊಟ್ಟದ್ದು ಮೂರೇ ಸೆಕೆಂಡು. ಯಾವ ದೂರಕ್ಕೆ ಎಷ್ಟು ವೇಗ ತಡೆಯುತ್ತದೆ ಎಂಬುದು ಅವರಿಗೆ ಅಷ್ಟು ನಿಖರವಾಗಿ ತಿಳಿದಿತ್ತು.

ಇದು ಒಂದೇ ದಿನದಲ್ಲಿ ಬಂದ ತಿಳಿವಳಿಕೆಯಲ್ಲ. ಆರಂಭದ ವರ್ಷಗಳಲ್ಲಿ ಅವರ ಅಭ್ಯಾಸವೆಲ್ಲ ದೀರ್ಘ ನಡಿಗೆ ಮತ್ತು ನಿಧಾನದ ಓಟವೇ ಆಗಿತ್ತು. ಅದರಲ್ಲಿ ವೇಗದ ಪಾಲು ಕಡಿಮೆಯಾಗಿತ್ತೆಂದು ಅವರಿಗೇ ಮುಂದೆ ಅನಿಸಿತು. 1924ರ ಹೊತ್ತಿಗೆ ದಿನಚರಿ ಬದಲಾಗಿತ್ತು. ಬೆಳಿಗ್ಗೆ ಸುಮಾರು ಹತ್ತು ಕಿಲೋಮೀಟರ್ ನಡಿಗೆ, ನಂತರ ಮೈದಾನದಲ್ಲಿ ಚಿಕ್ಕ ಚಿಕ್ಕ ದೂರದ ಬಿರುಸಿನ ಓಟಗಳು, ಗಡಿಯಾರ ಹಿಡಿದು ಒಂದಿಷ್ಟು ದೂರ ಜೋರಾಗಿ ಓಡುವುದು, ಸಂಜೆ ಕಾಡುದಾರಿಯಲ್ಲಿ ಕೆಲವು ಕಿಲೋಮೀಟರ್ ಓಟ, ಅದರ ಕೊನೆಯ ಭಾಗದಲ್ಲಿ ವೇಗ ಏರಿಸುವುದು. ನಿಧಾನ, ಮಧ್ಯಮ, ಬಿರುಸು, ಮೂರಕ್ಕೂ ಬೇರೆ ಬೇರೆ ಹೊತ್ತು. ಇಂದಿನ ತರಬೇತುದಾರರೂ ಬಹುಪಾಲು ಇದನ್ನೇ ಹೇಳುತ್ತಾರೆ. ಮ್ಯಾರಥಾನಿಗೆ ಸಿದ್ಧರಾಗುವವರು ವಾರದ ಹೆಚ್ಚಿನ ಕಿಲೋಮೀಟರುಗಳನ್ನು ಪಕ್ಕದವರೊಡನೆ ಮಾತಾಡುತ್ತ ಓಡಬಹುದಾದ ವೇಗದಲ್ಲೇ ಮುಗಿಸಬೇಕು. ಮಾತು ತುಂಡಾಗುತ್ತಿದ್ದರೆ ವೇಗ ಜಾಸ್ತಿಯಾಯಿತೆಂದು ತಿಳಿಯಬೇಕು. ಬಿರುಸಿನ ಓಟಕ್ಕೆ ವಾರದಲ್ಲಿ ಒಂದೆರಡು ದಿನ ಸಾಕು. ಕಾಸು ಖರ್ಚಿಲ್ಲದ ಅಳತೆಗೋಲು ಇದು.

ಗಡಿಯಾರಕ್ಕೂ ಒಂದು ಮಿತಿಯಿದೆ. ಅದು ವೇಗವನ್ನು ಹೇಳುತ್ತದೆ, ದೇಹ ಪಡುತ್ತಿರುವ ಶ್ರಮವನ್ನು ಹೇಳುವುದಿಲ್ಲ. ಬಿಸಿಲಿನಲ್ಲಿ, ಏರುದಾರಿಯಲ್ಲಿ, ನಿದ್ದೆಗೆಟ್ಟ ಮರುದಿನ ಅದೇ ವೇಗಕ್ಕೆ ದೇಹ ದುಪ್ಪಟ್ಟು ಬೆಲೆ ತೆರುತ್ತದೆ. ನುರ್ಮಿಗೆ ಇದೂ ಗೊತ್ತಿತ್ತು ಎಂಬುದಕ್ಕೆ 1924ರ ಪ್ಯಾರಿಸ್ ಒಲಿಂಪಿಕ್ಸ್ ಸಾಕ್ಷಿ.

ಪ್ಯಾರಿಸ್ಸಿನಲ್ಲಿ ಜುಲೈ 10ರಂದು 1500 ಮತ್ತು 5,000 ಮೀಟರಿನ ಅಂತಿಮ ಓಟಗಳೆರಡೂ ಒಂದೇ ದಿನ, ನಡುವೆ ಅಲ್ಪ ವಿರಾಮದೊಂದಿಗೆ ಇದ್ದವು. ಇದನ್ನು ಮೊದಲೇ ತಿಳಿದ ನುರ್ಮಿ ಜೂನ್ 19ರಂದು ಹೆಲ್ಸಿಂಕಿಯಲ್ಲಿ ಒಂದು ತಾಲೀಮು ನಡೆಸಿದ್ದರು. ಸುಮಾರು ಒಂದು ಗಂಟೆಯ ಅಂತರದಲ್ಲಿ ಎರಡೂ ದೂರಗಳನ್ನು ಓಡಿ ನೋಡಿದರು, ಎರಡರಲ್ಲೂ ವಿಶ್ವದಾಖಲೆ ಮಾಡಿದರು! ಮೇಲೆ ಹೇಳಿದ 1500 ಮತ್ತು 5,000 ಮೀಟರಿನ ದಾಖಲೆಗಳು ಆ ದಿನದವೇ. ಪ್ಯಾರಿಸ್ಸಿನಲ್ಲಿ ಎರಡನ್ನೂ ಗೆದ್ದರು. ಓಟ ಮುಗಿಯುತ್ತ ಬಂದಾಗ ಗಡಿಯಾರವನ್ನು ಕೊನೆಯ ಬಾರಿ ನೋಡಿ ಹುಲ್ಲಿನ ಮೇಲೆ ಎಸೆದು, ಮಿಕ್ಕ ದೂರವನ್ನು ಬರಿಗೈಯಲ್ಲಿ ಓಡಿದರು. ಲೆಕ್ಕದ ಕೆಲಸ ಅಲ್ಲಿಗೆ ಮುಗಿದಿತ್ತು.

ಎರಡು ದಿನಗಳ ನಂತರ ಕ್ರಾಸ್ ಕಂಟ್ರಿ ಓಟ. ಅಂದು ಪ್ಯಾರಿಸ್ಸಿನಲ್ಲಿ ಬೆಂಕಿಯಂಥ ಬಿಸಿಲು. ಹೊರಟವರು 38 ಮಂದಿ, ಗುರಿ ಮುಟ್ಟಿದವರು 15 ಮಂದಿ. ಬಲಿಷ್ಠ ಓಟಗಾರರು ದಾರಿಯಲ್ಲೇ ಕುಸಿದರು. ಮೈದಾನದೊಳಗೆ ಬಂದವರಲ್ಲೂ ಕೆಲವರು ದಿಕ್ಕು ತಿಳಿಯದೆ ತೂರಾಡಿದರು. ನುರ್ಮಿ ಮಾತ್ರ ಸಾಮಾನ್ಯ ಅಭ್ಯಾಸ ಮುಗಿಸಿ ಬಂದವರಂತೆ ಬಂದು ಗೆರೆ ದಾಟಿದರು. ಎರಡನೆಯವರಾದ ಅವರದೇ ದೇಶದ ವಿಲ್ಲೆ ರಿತೋಲಾ ಒಂದು ನಿಮಿಷಕ್ಕೂ ಹೆಚ್ಚು ಹಿಂದಿದ್ದರು. ಅಂದಿನ ದಾರಿ ಸುಮಾರು 10,650 ಮೀಟರ್, ನುರ್ಮಿ ತೆಗೆದುಕೊಂಡ ಸಮಯ 32 ನಿಮಿಷ 54.8 ಸೆಕೆಂಡು. ಟ್ರ್ಯಾಕಿನ ಮೇಲೆ ಕಿಲೋಮೀಟರಿಗೆ 3 ನಿಮಿಷದಂತೆ ಓಡಬಲ್ಲವರು ಅಂದು ಐದು ಸೆಕೆಂಡು ಬಿಟ್ಟುಕೊಟ್ಟಿದ್ದರು. ಉಳಿದವರ ಪೈಕಿ ಹಲವರಿಗೆ ಆ ಬಿಟ್ಟುಕೊಡುವಿಕೆ ಸಾಧ್ಯವಾಗಲಿಲ್ಲ. ಪ್ಯಾರಿಸ್ಸಿನಲ್ಲಿ ನುರ್ಮಿಗೆ ಬಂದ ಚಿನ್ನಗಳು ಐದು. 10,000 ಮೀಟರಿನಲ್ಲಿ ಅಧಿಕಾರಿಗಳು ಅವರನ್ನು ಇಳಿಸಲಿಲ್ಲ, ಅದು ರಿತೋಲಾ ಪಾಲಾಯಿತು.

ಮರುವರ್ಷ ಅಮೆರಿಕ ಪ್ರವಾಸ, ಐದು ತಿಂಗಳಲ್ಲಿ 55 ಓಟಗಳು, ಅವುಗಳಲ್ಲಿ 51 ಗೆಲುವು. ಕೀರ್ತಿ ಬಂತು, ಜೊತೆಗೆ ದಣಿವೂ ಬಂತು. ಮುಂದಿನ ವರ್ಷಗಳಲ್ಲಿ ಕಾಲಿನ ನೋವು, ಸಂಧಿವಾತ ಅವರನ್ನು ಬಿಡದೆ ಕಾಡಿದವು. ವೇಗ ಅಳೆಯುವುದರಲ್ಲಿ ನಿಪುಣರಾದ ಅವರು ವಿಶ್ರಾಂತಿಯನ್ನು ಅಳೆಯುವುದರಲ್ಲಿ ಅಷ್ಟು ಜಾಣರಾಗಿರಲಿಲ್ಲವೆಂದು ನನಗೆ ಅನಿಸುತ್ತದೆ.

1928ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ 10,000 ಮೀಟರಿನ ಚಿನ್ನ ಮತ್ತು ಎರಡು ಬೆಳ್ಳಿ. ಆ ಕೂಟದ ಮ್ಯಾರಥಾನನ್ನು ಗೆದ್ದವರು ಫ್ರಾನ್ಸಿನ ಪರವಾಗಿ ಓಡಿದ ಅಲ್ಜೀರಿಯಾದ ಬುಗೇರಾ ಎಲ್ ವಾಫಿ, ಮೋಟಾರು ಕಾರ್ಖಾನೆಯೊಂದರ ಕಾರ್ಮಿಕ. ಆರಂಭದಲ್ಲಿ ಮುಂದೋಡಿದವರ ಜೊತೆ ಪೈಪೋಟಿಗಿಳಿಯದೆ ಹಿಂದೆಯೇ ಉಳಿದು, ಕೊನೆಯ ಕಿಲೋಮೀಟರುಗಳಲ್ಲಿ ಜಪಾನಿನ ಮತ್ತು ಅಮೆರಿಕದ ಓಟಗಾರರನ್ನು ದಾಟಿ 2 ಗಂಟೆ 32 ನಿಮಿಷ 57 ಸೆಕೆಂಡುಗಳಲ್ಲಿ ಗೆದ್ದರು. ಅವರ ಬದುಕು ಮುಂದೆ ಬಡತನದಲ್ಲೇ ಕಳೆದು 1959ರಲ್ಲಿ ಪ್ಯಾರಿಸ್ಸಿನಲ್ಲಿ ಗುಂಡೇಟಿಗೆ ಬಲಿಯಾಯಿತು. ಅವರದೇ ಒಂದು ಪ್ರತ್ಯೇಕ ಲೇಖನಕ್ಕೆ ಆಗುವಷ್ಟು ಕಥೆ.

ಮ್ಯಾರಥಾನ್ ಎಂದರೆ 5,000 ಅಥವಾ 10,000 ಮೀಟರಿನ ಓಟವನ್ನು ಉದ್ದಕ್ಕೆ ಎಳೆದದ್ದಲ್ಲ. ದೇಹದಲ್ಲಿ ಸಕ್ಕರೆಯ ರೂಪದಲ್ಲಿ ಸಂಗ್ರಹವಾಗಿರುವ ಶಕ್ತಿ ಸಾಮಾನ್ಯವಾಗಿ ಮೂವತ್ತು ಕಿಲೋಮೀಟರ್ ದಾಟುವ ಹೊತ್ತಿಗೆ ಬರಿದಾಗತೊಡಗುತ್ತದೆ. ವೇಗ ಹೆಚ್ಚಾದಷ್ಟೂ ಆ ಸಂಗ್ರಹ ಬೇಗ ಕರಗುತ್ತದೆ. ಮೊದಲ ಹತ್ತು ಕಿಲೋಮೀಟರಿನಲ್ಲಿ ಮಾಡಿದ ಆತುರದ ಫಲ ಕೊನೆಯ ಹತ್ತು ಕಿಲೋಮೀಟರಿನಲ್ಲಿ ಕಾಲು ಕಲ್ಲಾದಾಗ ಗೊತ್ತಾಗುತ್ತದೆ. ಆಗ ತಿದ್ದಿಕೊಳ್ಳಲು ಏನೂ ಉಳಿದಿರುವುದಿಲ್ಲ. ಹೀಗಾಗಿ ಮ್ಯಾರಥಾನಿನ ವೇಗವನ್ನು ಸ್ಪರ್ಧೆಯ ದಿನ ಹುಡುಕಲಾಗದು, ಅಭ್ಯಾಸದಲ್ಲೇ ಗೊತ್ತುಮಾಡಿಕೊಂಡಿರಬೇಕು. ತನ್ನ ಓಟದ ಬಾಳ್ವೆಯ ಕೊನೆಗೆ 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಮ್ಯಾರಥಾನನ್ನು ಗುರಿ ಮಾಡಿಕೊಂಡ ನುರ್ಮಿ, ಸುತ್ತಿಗೆ ಎಪ್ಪತ್ತು ಸೆಕೆಂಡುಗಳಿಗೆ ಪಳಗಿದ ಕಾಲುಗಳನ್ನು ನಿಧಾನಕ್ಕೆ ಒಗ್ಗಿಸಬೇಕಾಗಿತ್ತು.

ಆ ವರ್ಷದ ಜೂನ್ 26ರಂದು ವೀಪುರಿಯಲ್ಲಿ ಫಿನ್ಲೆಂಡಿನ ಆಯ್ಕೆಯ ಓಟ ನಡೆಯಿತು. (ವೀಪುರಿ ಇಂದು ರಷ್ಯಾದಲ್ಲಿದೆ.) ನುರ್ಮಿ ಓಡಿದ ದೂರ 40.2 ಕಿಲೋಮೀಟರ್, ಹಳೆಯ ಕಾಲದ ಮ್ಯಾರಥಾನ್ ದೂರ. ಅದನ್ನು 2 ಗಂಟೆ 22 ನಿಮಿಷ 3.8 ಸೆಕೆಂಡುಗಳಲ್ಲಿ ಮುಗಿಸಿದರು. ಅಂದರೆ ಕಿಲೋಮೀಟರಿಗೆ 3 ನಿಮಿಷ 32 ಸೆಕೆಂಡು, ಟ್ರ್ಯಾಕಿನ ಲೆಕ್ಕದಲ್ಲಿ ಸುತ್ತಿಗೆ 85 ಸೆಕೆಂಡು. ಹತ್ತು ಸಾವಿರ ಮೀಟರಿನ ವೇಗಕ್ಕೆ ಹೋಲಿಸಿದರೆ ಸುತ್ತಿಗೆ ಹದಿಮೂರು ಸೆಕೆಂಡು ನಿಧಾನ. ಅದೇ ವೇಗದಲ್ಲಿ ಪೂರ್ತಿ ಮ್ಯಾರಥಾನ್ ಓಡಿದ್ದರೆ 2 ಗಂಟೆ 29 ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತಿತ್ತು. ಅಂದಿನ ಜಾಗತಿಕ ದಾಖಲೆಯೂ 2 ಗಂಟೆ 29 ನಿಮಿಷವೇ, ಅಮೆರಿಕದ ಆಲ್ಬರ್ಟ್ ಮೈಕಲ್‌ಸನ್ 1925ರಲ್ಲಿ ಮಾಡಿದ್ದು. ಮೊದಲ ಪ್ರಯತ್ನದಲ್ಲೇ ಇಷ್ಟು ನಿಖರವಾಗಿ ವೇಗ ಕಂಡುಕೊಂಡದ್ದು ಸಣ್ಣ ಮಾತಲ್ಲ. ಎರಡನೆಯವರಾದ ಆರ್ಮಸ್ ತೊಯ್ವೊನೆನ್ ಆರು ನಿಮಿಷ ಹಿಂದಿದ್ದರು. ಈ ಓಟದುದ್ದಕ್ಕೂ ನುರ್ಮಿ ಒಂದು ತೊಟ್ಟು ನೀರನ್ನೂ ಕುಡಿಯಲಿಲ್ಲ ಎಂದು ದಾಖಲಾಗಿದೆ. ಇದನ್ನು ಮಾತ್ರ ಯಾರೂ ಅನುಸರಿಸಬಾರದು, ನಮ್ಮ ಹವಾಮಾನದಲ್ಲಂತೂ ಖಂಡಿತ ಕೂಡದು.

ಆದರೆ ವೀಪುರಿಯ ಓಟಕ್ಕೆ ಮೊದಲೇ, ಏಪ್ರಿಲ್ ತಿಂಗಳಲ್ಲಿ, ಅಂತರರಾಷ್ಟ್ರೀಯ ಅಥ್ಲೆಟಿಕ್ ಒಕ್ಕೂಟದ ಕಾರ್ಯಕಾರಿ ಮಂಡಳಿ ನುರ್ಮಿಯವರನ್ನು ತಾತ್ಕಾಲಿಕವಾಗಿ ಅಮಾನತು ಮಾಡಿತ್ತು. ಒಕ್ಕೂಟದ ಅಧ್ಯಕ್ಷರು ಸ್ವೀಡನ್ನಿನ ಸಿಗ್‌ಫ್ರಿಡ್ ಎಡ್‌ಸ್ಟ್ರಮ್. ಜರ್ಮನಿಯಲ್ಲಿ ಓಡಿದಾಗ ಪ್ರಯಾಣ ವೆಚ್ಚದ ಹೆಸರಿನಲ್ಲಿ ನಿಯಮಕ್ಕಿಂತ ಹೆಚ್ಚು ಹಣ ಪಡೆದಿದ್ದಾರೆ ಎಂಬುದು ಆರೋಪ. ಕ್ರೀಡೆಯಿಂದ ಹಣ ಗಳಿಸಿದವನು ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಕೂಡದು ಎಂಬ ನಿಯಮ ಆಗ ಕಟ್ಟುನಿಟ್ಟಾಗಿತ್ತು. ಹವ್ಯಾಸಿಗಳಿಗೆ ಮಾತ್ರ ಪ್ರವೇಶ. ನುರ್ಮಿ ಹಣ ಪಡೆದೇ ಇರಲಿಲ್ಲವೆಂದು ವಾದಿಸುವುದು ಈ ಲೇಖನದ ಉದ್ದೇಶವಲ್ಲ. ನಿಯಮ ಯಾರಿಗಾಗಿ ಮಾಡಿದ್ದೆಂದು ಮಾತ್ರ ಕೇಳಬೇಕಾಗುತ್ತದೆ. ಆಸ್ತಿವಂತನ ಮಗ ಹವ್ಯಾಸಕ್ಕಾಗಿ ಓಡಬಲ್ಲ. ಬೇಕರಿಯ ಗಾಡಿ ತಳ್ಳಿದವನಿಗೆ ಇದ್ದ ಆಸ್ತಿ ಅವನ ಎರಡು ಕಾಲುಗಳು. ಅವನ ಓಟ ನೋಡಲು ಸಾವಿರಾರು ಜನ ಟಿಕೆಟ್ ಕೊಂಡು ಬರಬಹುದು, ಆ ಹಣ ಸಂಘಟಕರಿಗೆ ಸೇರಬಹುದು, ಓಡಿದವನು ಮಾತ್ರ ಮುಟ್ಟಬಾರದು! ಅದೂ ಅಲ್ಲದೆ ಅವರನ್ನು ಕರೆಸಿ ವಿಚಾರಿಸದೆಯೇ ಅಮಾನತು ಮಾಡಿದ್ದನ್ನು ಫಿನ್ಲೆಂಡಿನವರು ಖಂಡಿಸಿದರು.

ನಿರ್ಧಾರ ಬದಲಾಗಬಹುದೆಂಬ ನಂಬಿಕೆಯಲ್ಲಿ ನುರ್ಮಿ ತಂಡದೊಡನೆ ಲಾಸ್ ಏಂಜಲೀಸಿಗೆ ಹೋದರು. ಹಿಮ್ಮಡಿಯ ಹಿಂದಿನ ನರ ನೋಯುತ್ತಿದ್ದರೂ ಒಲಿಂಪಿಕ್ ಗ್ರಾಮದಲ್ಲಿ ಅಭ್ಯಾಸ ಮುಂದುವರಿಸಿದರು. ಕೂಟ ಆರಂಭವಾಗಲು ಕೆಲವೇ ದಿನಗಳಿರುವಾಗ ಒಕ್ಕೂಟ ಅವರ ಪ್ರವೇಶವನ್ನು ತಳ್ಳಿಹಾಕಿತು. ಮ್ಯಾರಥಾನಿಗೆ ಬಂದಿದ್ದ ಇತರ ದೇಶಗಳ ಓಟಗಾರರೇ ನುರ್ಮಿಗೆ ಅವಕಾಶ ಕೊಡಿ ಎಂದು ಮನವಿ ಸಲ್ಲಿಸಿದರು. ಎದುರಾಳಿಗಳು ಹೀಗೆ ಕೇಳಿಕೊಂಡದ್ದು ಕ್ರೀಡಾ ಇತಿಹಾಸದಲ್ಲಿ ಅಪರೂಪ. ಪ್ರಯೋಜನವಾಗಲಿಲ್ಲ. ಆಗಸ್ಟ್ 7ರಂದು ನಡೆದ ಓಟವನ್ನು ಅರ್ಜೆಂಟೀನಾದ ಯುವಕ ಹುವಾನ್ ಕಾರ್ಲೋಸ್ ಸಬಾಲಾ 2 ಗಂಟೆ 31 ನಿಮಿಷ 36 ಸೆಕೆಂಡುಗಳಲ್ಲಿ ಗೆದ್ದರು. ವೀಪುರಿಯಲ್ಲಿ ಆರು ನಿಮಿಷ ಹಿಂದುಳಿದಿದ್ದ ತೊಯ್ವೊನೆನ್ ಇಲ್ಲಿ ಮೂವತ್ತಾರೇ ಸೆಕೆಂಡು ಹಿಂದುಳಿದು ಕಂಚು ಪಡೆದರು. ತಾನು ಓಡಿದ್ದರೆ ಐದು ನಿಮಿಷದ ಅಂತರದಲ್ಲಿ ಗೆಲ್ಲುತ್ತಿದ್ದೆನೆಂದು ನುರ್ಮಿ ಮುಂದೆ ಹೇಳಿಕೊಂಡರು. ನೋಯುವ ಕಾಲು ಅಷ್ಟು ದೂರ ತಡೆಯುತ್ತಿತ್ತೇ ಎಂದು ಸಂಶಯಪಟ್ಟವರೂ ಇದ್ದರು. ವೀಪುರಿಯ ಅಂಕಿಗಳು ಮಾತ್ರ ನುರ್ಮಿಯ ಪರವಾಗಿಯೇ ಇವೆ.

ತಮ್ಮ ದೇಶದೊಳಗೆ ಓಡಲು ಅಡ್ಡಿಯಿರಲಿಲ್ಲ. 1934ರಲ್ಲಿ ಅದೇ ವೀಪುರಿಯಲ್ಲಿ ಕೊನೆಯ 10,000 ಮೀಟರ್ ಗೆದ್ದು ಓಟ ನಿಲ್ಲಿಸಿದರು. ನಂತರ ಹೆಲ್ಸಿಂಕಿಯಲ್ಲಿ ಗಂಡಸರ ಉಡುಪಿನ ಅಂಗಡಿ ಇಟ್ಟರು, ಕಟ್ಟಡಗಳನ್ನು ಕಟ್ಟಿಸಿ ಶ್ರೀಮಂತರಾದರು. ಕೌಟುಂಬಿಕ ಜೀವನದಲ್ಲಿ ನೆಮ್ಮದಿ ಸಿಗಲಿಲ್ಲ, ಮದುವೆ ಮೂರೇ ವರ್ಷದಲ್ಲಿ ಮುರಿಯಿತು. ಕಿರಿಯ ಓಟಗಾರರಿಗೆ ತರಬೇತಿ ಕೊಡುವುದನ್ನು ಮಾತ್ರ ಬಿಡಲಿಲ್ಲ. ಅವರ ನೆರಳಿನಲ್ಲಿ ಬೆಳೆದ ತಾಯಿಸ್ತೊ ಮಾಕಿ 1939ರಲ್ಲಿ 10,000 ಮೀಟರನ್ನು 30 ನಿಮಿಷದೊಳಗೆ ಓಡಿದ ಮೊದಲ ಮನುಷ್ಯರಾದರು. 1924ರಲ್ಲಿ ಗುರುವಿಗೆ ಆರು ಸೆಕೆಂಡುಗಳಲ್ಲಿ ತಪ್ಪಿದ್ದ ಗುರಿ ಅದು. ಮರುವರ್ಷ ಯುದ್ಧದಲ್ಲಿ ಸಿಲುಕಿದ ತಾಯ್ನಾಡಿಗೆ ನಿಧಿ ಸಂಗ್ರಹಿಸಲು ಗುರುಶಿಷ್ಯರಿಬ್ಬರೂ ಅಮೆರಿಕ ಸುತ್ತಿದರು.

1952ರ ಒಲಿಂಪಿಕ್ ಕೂಟ ಹೆಲ್ಸಿಂಕಿಯಲ್ಲೇ ನಡೆಯಿತು. ಜ್ಯೋತಿಯನ್ನು ಕ್ರೀಡಾಂಗಣದೊಳಗೆ ತರುವವರು ಯಾರೆಂಬುದನ್ನು ಗುಟ್ಟಾಗಿ ಇಡಲಾಗಿತ್ತು. ಜುಲೈ 19ರಂದು ಬೋಳುತಲೆಯ, 55 ವರ್ಷದ ವ್ಯಕ್ತಿಯೊಬ್ಬರು ಪಂಜು ಹಿಡಿದು ಒಳಗೆ ಓಡಿಬಂದರು. ಓಡುವ ರೀತಿಯಿಂದಲೇ ಜನ ಗುರುತಿಸಿದರು. ಸಾಲಾಗಿ ನಿಂತಿದ್ದ ದೇಶ ದೇಶಗಳ ಕ್ರೀಡಾಪಟುಗಳು ಶಿಸ್ತು ಮರೆತು, ಹತ್ತಿರದಿಂದ ನೋಡಲು ಟ್ರ್ಯಾಕಿನ ಅಂಚಿಗೆ ನುಗ್ಗಿದರು. ಅಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಾಗಿದ್ದವರು ಅದೇ ಎಡ್‌ಸ್ಟ್ರಮ್. ಮೈದಾನದ ಜ್ಯೋತಿಯನ್ನು ನುರ್ಮಿ ಬೆಳಗಿದರು, ಗೋಪುರದ ಮೇಲಿನದನ್ನು ವೃದ್ಧ ಕೋಲೆಹ್ಮೈನೆನ್ ಬೆಳಗಿದರು.

ಎಂಟು ದಿನಗಳ ನಂತರ ಮ್ಯಾರಥಾನ್. ಬಾಲ್ಯದಲ್ಲಿ ನುರ್ಮಿಯಂತೆ ಓಡಬೇಕೆಂದು ಕನಸು ಕಂಡಿದ್ದ ಚೆಕೊಸ್ಲೊವಾಕಿಯಾದ ಎಮಿಲ್ ಝಾಟೊಪೆಕ್ ಆ ವಾರ 5,000 ಮತ್ತು 10,000 ಮೀಟರ್ ಎರಡನ್ನೂ ಗೆದ್ದು, ಜೀವನದಲ್ಲಿ ಮೊದಲ ಬಾರಿಗೆ ಮ್ಯಾರಥಾನಿಗೆ ಇಳಿದು ಅದನ್ನೂ ಗೆದ್ದರು. ಸಮಯ 2 ಗಂಟೆ 23 ನಿಮಿಷ 3.2 ಸೆಕೆಂಡು. ನುರ್ಮಿಗೆ ಸಿಗದೆಹೋದ ಕೊನೆಯ ಮೆಟ್ಟಿಲನ್ನು ನುರ್ಮಿಯ ಊರಿನಲ್ಲೇ ಇನ್ನೊಬ್ಬ ಹತ್ತಿದಂತಾಯಿತು. ಹಣದ ನಿಯಮ 1980ರ ದಶಕದಿಂದ ಸಡಿಲವಾಯಿತು. ಈಗ ದೊಡ್ಡ ನಗರಗಳ ಮ್ಯಾರಥಾನುಗಳಲ್ಲಿ ಗೆದ್ದವರಿಗೆ ಬಹಿರಂಗವಾಗಿಯೇ ಬಹುಮಾನದ ಹಣ ಕೊಡುತ್ತಾರೆ.

ಮುಪ್ಪಿನಲ್ಲಿ ಹೃದಯದ ಕಾಯಿಲೆ ನುರ್ಮಿಯವರನ್ನು ಹಾಸಿಗೆಗೆ ಕೆಡವಿತು. 1968ರಲ್ಲಿ ಹೃದ್ರೋಗ ಸಂಶೋಧನೆಗಾಗಿ ಅವರ ಹೆಸರಿನ ಪ್ರತಿಷ್ಠಾನ ಸ್ಥಾಪನೆಯಾಯಿತು. 1973ರ ಅಕ್ಟೋಬರ್ 2ರಂದು ಹೆಲ್ಸಿಂಕಿಯಲ್ಲಿ ನಿಧನರಾದಾಗ ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು. ದೇಹವನ್ನು ತುರ್ಕುವಿನಲ್ಲಿ ಮಣ್ಣು ಮಾಡಿದರು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಹರ್ಲಿ ಎಂಬ ಊರಿನಲ್ಲಿ 1969ರಿಂದ, ತುರ್ಕುವಿನಲ್ಲಿ 1992ರಿಂದ ಅವರ ಹೆಸರಿನ ಓಟ ಆರಂಭವಾಯಿತು. ಎರಡೂ ಕಡೆ ಆ ಓಟ ಮ್ಯಾರಥಾನ್.